ಹಣ್ಣು ಎಲ್ಲಿಂದ ಬಂತು ಎಂಬುದು ಆಮೇಲಿನ ಮಾತು

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಹೆಸರೆತ್ತಿದರೆ ಸಾಕು, ನಮ್ಮ ಸೀಮೆಯ ವಿಚಾರವಂತ ಗೆಳೆಯರು ಕೇಳುವುದು ಒಂದೇ ಪ್ರಶ್ನೆ. ಅಲ್ಲಿನ ಗಂಗೆಯ ಕೊಳದ ಮುಂದೆ ಬೇಡಿಕೊಂಡು ನಿಂತವರಿಗೆ ನೀರಿನೊಳಗಿಂದ ಹಣ್ಣೋ ಕಾಯೋ ಬಳೆಯೋ ಪ್ರಸಾದವಾಗಿ ತೇಲಿ ಬರುತ್ತದೆ ಎಂಬುದು ಭಕ್ತರ ನಂಬಿಕೆ. ಮಕ್ಕಳಿಲ್ಲದವರು, ಮಗಳಿಗೆ ಗಂಡು ಕೂಡಿಬರದವರು, ಜಮೀನಿನ ಕೇಸಿಗೆ ಕೋರ್ಟು ಅಲೆದು ಸುಸ್ತಾದವರು, ಚುನಾವಣೆಗೆ ನಿಲ್ಲುವವರು ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ‘ಸರಿ ಸ್ವಾಮಿ, ಆ ಹಣ್ಣು ಎಲ್ಲಿಂದ ಬಂತು?’ ಎನ್ನುವುದು ಗೆಳೆಯರ ಪ್ರಶ್ನೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ಒಂದು ಯಾತ್ರಾಸ್ಥಳದ ಮುಂದೆ ನಿಂತಾಗ ಬುದ್ಧಿ ಇರುವವನು ಮೊಟ್ಟಮೊದಲು ಕೇಳಬೇಕಾದದ್ದು ಇದೇ ಎಂಬ ಅವರ ಖಾತ್ರಿ ನನಗೆ ಒಪ್ಪಿಗೆಯಾಗುವುದಿಲ್ಲ. ಅವರ ಮೇಲಿನ ಗೌರವಕ್ಕೆ ಕುಂದು ಬಾರದ ಹಾಗೆ ಆ ಭಿನ್ನಮತವನ್ನು ಇಲ್ಲಿ ಹೇಳಲು ನೋಡುತ್ತೇನೆ.

ಗೆಳೆಯರ ಬೆನ್ನಿಗೆ ದೊಡ್ಡ ಪರಂಪರೆಯೇ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆಂದೇ ಒಂದು ಸಮಿತಿ ಮಾಡಿದರು. ಅದಕ್ಕೂ ಎಂಟು ಶತಮಾನ ಹಿಂದೆಯೇ ಶರಣರು ಕಲ್ಲುಗುಡಿಯನ್ನು ಪ್ರಶ್ನಿಸಿ ಆಗಿತ್ತು. ಮಠಗಳ ಊರಾದ ಚಿತ್ರದುರ್ಗದಲ್ಲಿ ಗುಡಿಯನ್ನು ಟೀಕಿಸುವುದಕ್ಕೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ನನ್ನ ತಕರಾರು ಇರುವುದು ಈ ಪರಂಪರೆಯ ಜೊತೆಯಲ್ಲಲ್ಲ. ಅದಕ್ಕೆ ಈಚೆಗೆ ಅಂಟಿಕೊಂಡ ಒಂದು ಭರವಸೆಯ ಜೊತೆಯಲ್ಲಿ. ಶಾಲೆ, ಆಸ್ಪತ್ರೆ, ಬ್ಯಾಂಕು, ಬೋರ್‌ವೆಲ್ಲು ಎಲ್ಲ ಬಂದಮೇಲೆ ಹರಕೆ, ಜಾತ್ರೆ ತಾವಾಗಿಯೇ ಉದುರಿಹೋಗುತ್ತವೆ, ಯೂರೋಪಿನಲ್ಲಿ ಹಾಗೇ ಆಯಿತಲ್ಲ ಎನ್ನುತ್ತಾರೆ. ಇದೇ ಮಾತನ್ನು ಆಸ್ತಿಕ ಗೆಳೆಯರು ತಿರುಗಿಸಿ ಹೇಳುತ್ತಾರೆ: ‘ಹರಕೆ, ತೇರು, ಪುಣ್ಯತೀರ್ಥ ನಮ್ಮ ಮಣ್ಣಿನವು. ಪಶ್ಚಿಮದವರಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು?’ ಇಬ್ಬರೂ ಯೂರೋಪನ್ನು ನೋಡಿರುವುದು ಪಠ್ಯಪುಸ್ತಕದಲ್ಲಿ.

ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಬ್ರಿಟನಿ ಎಂಬ ಸೀಮೆಯಿದೆ. ಇಂಗ್ಲೆಂಡಿನ ಬ್ರಿಟನ್ ಬೇರೆ, ಇದು ಬೇರೆ. ಕಗ್ಗಲ್ಲಿನ ನೆಲ, ಬಡ ಬೇಸಾಯ, ಕಡಲಿಗೆ ಹೋಗುವ ಗಂಡಸರು, ಫ್ರೆಂಚಿನ ಕುಲಕ್ಕೆ ಸೇರದ ಬ್ರೆಟನ್ ಎಂಬ ಭಾಷೆ. ಊರಿಗೊಂದು, ಕೇರಿಗೊಂದು, ಕಾಡಿನಂಚಿಗೊಂದು, ಕಡಲ ದಂಡೆಗೊಂದು ಚಿಕ್ಕ ಪ್ರಾರ್ಥನಾಮಂದಿರ. ಪ್ರತಿಯೊಂದಕ್ಕೂ ಅದರದೇ ಸಂತ, ವರ್ಷಕ್ಕೊಮ್ಮೆ ಅವನ ಜಾತ್ರೆ. ಜಾತ್ರೆಯನ್ನು ಅವರು ಪಾರ್ದೋನ್ ಎನ್ನುತ್ತಾರೆ. ಆ ಸಂತರಲ್ಲಿ ಬಹುಪಾಲು ಜನರಿಗೆ ರೋಮ್ ಎಂದೂ ವಿಧಿವತ್ತಾಗಿ ಸಂತಪದವಿ ಕೊಟ್ಟದ್ದಿಲ್ಲ. ಊರವರು ಕೊಟ್ಟರು, ಅಷ್ಟೆ. ನಮ್ಮ ಹಟ್ಟಿಯ ಮಾರಮ್ಮನಿಗೆ, ಕರಿಯಮ್ಮನಿಗೆ ಯಾವ ಪುರಾಣದ ರುಜುವೂ ಬೇಕಿಲ್ಲದ ಹಾಗೆ.

ಈ ಕಡಲಂಚಿನ ಮಂದಿರಗಳಲ್ಲಿ ಹೆಸರಾದದ್ದು ದುವಾರ್ನೆನೆ ಕೊಲ್ಲಿಯ ಮರಳುದಿಬ್ಬಗಳ ನಡುವೆ ಇರುವ ಸೇಂಟ್ ಆನ್ ಲಾ ಪಾಲ್ಯು. ಕಟ್ಟಡ 1864ರದು, ಒಳಗಿರುವ, ಬಣ್ಣ ಬಳಿದ ಸಂತ ಆನಳ ಕಲ್ಲಿನ ಮೂರ್ತಿ 1548ರದು. ಆನ್ ಎಂದರೆ ಮೇರಿಯ ತಾಯಿ, ಏಸುವಿಗೆ ಅಜ್ಜಿ. ಬ್ರೆಟನ್ನರಿಗಂತೂ ಎಲ್ಲರ ಅಜ್ಜಿ. ಆಗಸ್ಟ್ ತಿಂಗಳ ಕೊನೆಯ ಭಾನುವಾರ ಅಲ್ಲಿ ಪಾರ್ದೋನ್. ಕಸೂತಿಯ ಭಾರದ ಪತಾಕೆಗಳನ್ನು ಎತ್ತಿ ಹಿಡಿದು, ಹಳೆಯ ಉಡುಗೆ ತೊಟ್ಟು ದಿಬ್ಬದ ದಾರಿಯಲ್ಲಿ ಮೆರವಣಿಗೆ. ಬ್ರಿಟನಿಯ ಕಡಲತೀರದ ಮಂದಿರಗಳ ಒಳಗೆ ಹೋಗಿ ತಲೆಯೆತ್ತಿದರೆ ಸೂರಿನಿಂದ ಪುಟ್ಟ ಪುಟ್ಟ ಮರದ ಹಡಗುಗಳು ತೂಗಾಡುತ್ತಿರುತ್ತವೆ. ಬಿರುಗಾಳಿಗೆ ಸಿಕ್ಕಿ ಬದುಕಿ ಬಂದವರು ತಾವಿದ್ದ ಹಡಗಿನದೇ ಮಾದರಿಯನ್ನು ಹಾಯಿ, ಹಗ್ಗಗಳ ಸಮೇತ ಕೆತ್ತಿ ಹರಕೆಯಾಗಿ ಕಟ್ಟಿದ್ದು. ಮಗುವಾದರೆ ಬೆಳ್ಳಿಯ ತೊಟ್ಟಿಲು ಒಪ್ಪಿಸುವ, ಕಣ್ಣುಬೇನೆ ಹೋದರೆ ಬೆಳ್ಳಿಯ ಕಣ್ಣು ಒಪ್ಪಿಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗುಡಿ ಪ್ಲೂಮನಾಕ್ ಎಂಬಲ್ಲಿನ ಕಡಲ ದಂಡೆಯಲ್ಲಿದೆ. ಒಂದು ಬಂಡೆಯ ಮೇಲೆ ನಾಲ್ಕು ಜನ ಒಟ್ಟಿಗೆ ನಿಲ್ಲಲಾಗದಷ್ಟು ಚಿಕ್ಕದು. ಭರತ ಬಂದರೆ ಸುತ್ತ ನೀರು, ಇಳಿತವಾದರೆ ಮರಳಿನ ಮೇಲೆ ನಡೆದೇ ಹೋಗಬಹುದು. ಅದರೊಳಗೆ ಸಂತ ಗಿರೆಕ್. ಮದುವೆಯಾಗಬೇಕಾದ ಹುಡುಗಿಯರು ಅವನ ಮೂಗಿಗೆ ಸೂಜಿ ಚುಚ್ಚುತ್ತಿದ್ದರು. ಸೂಜಿ ನಿಂತರೆ ವರ್ಷದೊಳಗೆ ಮದುವೆ, ಬಿದ್ದರೆ ಇನ್ನೂ ಕಾಯಬೇಕು. ತಲೆಮಾರುಗಟ್ಟಲೆ ಚುಚ್ಚಿಸಿಕೊಂಡು ಮರದ ಸಂತನ ಮೂಗೇ ಸವೆದುಹೋಯಿತು. ಕೊನೆಗೆ 20ನೆಯ ಶತಮಾನದ ಆರಂಭದಲ್ಲಿ ಅವನನ್ನು ತೆಗೆದು ಕಗ್ಗಲ್ಲಿನ ಗಿರೆಕ್‌ನನ್ನು ನಿಲ್ಲಿಸಿದರು. ಕಲ್ಲಿನ ಮೂಗಿಗೆ ಸೂಜಿ ಹೇಗೆ ನಾಟೀತು? ಆದರೂ ಹುಡುಗಿಯರು ಬಿಡಲಿಲ್ಲ. ಕಲ್ಲಿನ ಮೂಗೂ ಮೊಂಡಾಯಿತು. ಒಳನಾಡಿನ ಸೇಂಟ್ ಹೆರ್ಬೊ ಎಂಬ ಗುಡಿಯಲ್ಲಿ ದನಗಳ ಸಂತನ ಮುಂದೆ ಎರಡು ಕಲ್ಲುಮೇಜುಗಳಿವೆ. ರೈತರು ಹಸುವಿನ ಬಾಲದ ಕೂದಲ ಕುಚ್ಚು ತಂದು ಅಲ್ಲಿಡುತ್ತಿದ್ದರು. ಕೂದಲನ್ನು ಮಾರಿದ ದುಡ್ಡು ಗುಡಿಗೆ. ದೇವರ ಎತ್ತುಗಳ ಹಿಂಡನ್ನೇ ಸಾಕಿ, ಕಿಲಾರಿಗಳನ್ನು ನೇಮಿಸಿ, ಆ ಎತ್ತುಗಳನ್ನು ಉಳುಮೆಗೂ ಕಟ್ಟದ ನಮ್ಮ ಮ್ಯಾಸಬೇಡರು ಆ ಮೇಜಿನ ಮುಂದೆ ನಿಂತಿದ್ದರೆ ‘ಇವರೂ ನಮ್ಮವರೇ’ ಎನ್ನುತ್ತಿದ್ದರು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಪತಾಕೆಗಳ ಮುತ್ತು. ಒಂದು ಊರಿನ ಪಾರ್ದೋನ್‌ಗೆ ಪಕ್ಕದೂರಿನ ಪತಾಕೆ ಬಂದಾಗ ಎರಡನ್ನೂ ಹೊತ್ತವರು ಎದುರುಬದುರು ನಿಂತು, ನಿಧಾನವಾಗಿ ಬಾಗಿಸಿ, ಒಂದಕ್ಕೊಂದು ತಾಗಿಸುತ್ತಾರೆ. ಆಮೇಲೆಯೇ ಮೆರವಣಿಗೆ ಮುಂದೆ ಸಾಗುವುದು. ಚಿತ್ರದುರ್ಗದವರಿಗೆ ಇದನ್ನು ಓದುತ್ತಲೇ ಬರಗೇರಮ್ಮ, ತಿಪ್ಪಿನಘಟ್ಟಮ್ಮನ ಭೇಟಿ ಉತ್ಸವ ನೆನಪಾಗಬೇಕು. ಇಬ್ಬರೂ ಅಕ್ಕತಂಗಿಯರು. ವರ್ಷಕ್ಕೊಮ್ಮೆ ದೊಡ್ಡಪೇಟೆಯ ಬೀದಿಯಲ್ಲಿ ಆ ಕಡೆಯಿಂದ ಒಬ್ಬಳು, ಈ ಕಡೆಯಿಂದ ಒಬ್ಬಳು ಬರುತ್ತಾರೆ. ಉರುಮೆ, ತಮಟೆ ಜೋರಾಗುತ್ತದೆ, ಮಹಡಿ ಮೇಲೆಲ್ಲ ಜನ, ಇಬ್ಬರನ್ನೂ ಎದುರಿಗೆ ತಂದು ಭೇಟಿ ಮಾಡಿಸುವ ಆ ಒಂದು ಗಳಿಗೆ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮುಗಿಯಿತು. ಅಕ್ಕತಂಗಿಯರು ನಿಜವಾಗಿ ಇದ್ದರೋ ಇಲ್ಲವೋ ಎಂದು ಆ ಬೀದಿಯಲ್ಲಿ ನಿಂತು ಕೇಳುವವನಿಗೆ ಯಾರೂ ಬಯ್ಯುವುದಿಲ್ಲ, ಅವನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಬೇರೆ ಬೇರೆ ಕೇರಿಯವರು, ವರ್ಷವಿಡೀ ನೀರಿನ ನಲ್ಲಿಗೂ ಸೈಟಿಗೂ ಜಗಳವಾಡಿಕೊಂಡವರು, ಒಂದು ಗಳಿಗೆ ಎದುರುಬದುರಾಗಬೇಕು ಎಂದು ಯಾರೋ ಹಿರಿಯರು ಕಟ್ಟಿದ ಏರ್ಪಾಡು ಅದು.

ಇರಲಿ, ಫ್ರಾನ್ಸಿಗೆ ಮರಳೋಣ. ಅಲ್ಲಿನ ಸರ್ಕಾರ ಇದನ್ನೆಲ್ಲ ಸುಮ್ಮನೆ ನೋಡುತ್ತಾ ಕೂರಲಿಲ್ಲ. ಪ್ರಧಾನಿ ಎಮಿಲ್ ಕೋಂಬ್ 1902ರಲ್ಲಿ ಸುತ್ತೋಲೆ ಹೊರಡಿಸಿ, ಬ್ರೆಟನ್ ಭಾಷೆಯಲ್ಲಿ ಧರ್ಮೋಪದೇಶ ಮಾಡುವುದನ್ನೇ ನಿಷೇಧಿಸಿದ. ಮಾತು ಕೇಳದ ಪಾದ್ರಿಗಳ ಸಂಬಳ ನಿಲ್ಲಿಸಿದ. ಮರುವರ್ಷ ಟ್ರೆಗ್ಯೆ ಎಂಬ ಪಟ್ಟಣದಲ್ಲಿ, ಇಗರ್ಜಿಯ ಎದುರಿನ ಚೌಕದಲ್ಲೇ, ಅದೇ ಊರಲ್ಲಿ ಹುಟ್ಟಿದ ವಿಚಾರವಾದಿ ಅರ್ನೆಸ್ಟ್ ರೆನಾನನ ಪ್ರತಿಮೆಯನ್ನು ಸೈನ್ಯದ ಕಾವಲಿನಲ್ಲಿ ಅನಾವರಣ ಮಾಡಿದ. ಪಾದ್ರಿಯಾಗಲು ಓದಿ, ಅರ್ಧದಲ್ಲಿ ಬಿಟ್ಟು ಬಂದವನು ರೆನಾನ್. 1863ರಲ್ಲಿ ಏಸುವಿನ ಚರಿತ್ರೆ ಬರೆದು, ಏಸುವನ್ನು ಮನುಷ್ಯನನ್ನಾಗಿ ಚಿತ್ರಿಸಿ ಇಡೀ ಯೂರೋಪನ್ನು ಕೆರಳಿಸಿದವನು. ಪ್ರತಿಮೆಯಲ್ಲಿ ಅವನ ಹಿಂದೆ ಗ್ರೀಕರ ಜ್ಞಾನದೇವತೆ ಅಥೀನಾ ನಿಂತಿದ್ದಾಳೆ. ನಾಸ್ತಿಕನ ಪಕ್ಕಕ್ಕೂ ಒಬ್ಬ ಅಮ್ಮನವರು ಬೇಕಾದಳು! ಸಿಟ್ಟಾದ ಕ್ಯಾಥೊಲಿಕರು ಮರುವರ್ಷವೇ ಅದೇ ಊರಿನಲ್ಲಿ ಪ್ರಾಯಶ್ಚಿತ್ತದ ಶಿಲುಬೆ ನಿಲ್ಲಿಸಿದರು. ಕೋಂಬನ ಸುತ್ತೋಲೆಯಿಂದ ಪಾರ್ದೋನ್‌ಗಳು ನಿಂತವೇ? ಇಲ್ಲ. ಸರ್ಕಾರ ಮುಟ್ಟಬೇಡ ಅಂದದ್ದನ್ನು ಬ್ರೆಟನ್ನರು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

ರೆನಾನನನ್ನು ಹೀಗೆ ಗುಡಿಗೆ ಎದುರಾಗಿ ನಿಲ್ಲಿಸಿದ್ದು ಅವನಿಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. 1883ರಲ್ಲಿ ಪ್ರಕಟವಾದ ಅವನ ಬಾಲ್ಯದ ನೆನಪುಗಳ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ಅವನ ತಂದೆ ಚಿಕ್ಕವನಿದ್ದಾಗ ಜ್ವರ ಬಿಡದೆ, ಜ್ವರ ಇಳಿಸುವ ಒಬ್ಬ ಸಂತನ ಗುಡಿಗೆ ಕರೆದೊಯ್ದರಂತೆ. ಜೊತೆಗೆ ಹಳ್ಳಿಯ ಕಮ್ಮಾರ. ಅವನು ಕುಲುಮೆ ಹೊತ್ತಿಸಿ, ಕುದುರೆಯ ಲಾಳವನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಸಂತನ ಮುಖದ ಹತ್ತಿರಕ್ಕೆ ತಂದು ಬೆದರಿಸಿದನಂತೆ: ಈ ಮಗುವಿನ ಜ್ವರ ಬಿಡಿಸದಿದ್ದರೆ ನಿನಗೇ ಲಾಳ ಹೊಡೆಯುತ್ತೇನೆ ಎಂದು. ಸಂತ ಕೂಡಲೇ ಮಾತು ಕೇಳಿದ ಎಂದು ರೆನಾನ್ ನಗುತ್ತಾ ಬರೆಯುತ್ತಾನೆ. ಆ ನಗುವಿನಲ್ಲಿ ತಾತ್ಸಾರವಿಲ್ಲ. ಮಳೆ ಹೋದ ವರ್ಷ ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಕೂರಿಸಿಕೊಂಡು ಮನೆಮನೆ ಸುತ್ತುವ ನಮ್ಮ ಹುಡುಗರು, ‘ಉಂಡು ಮಲಗಿದ್ದೀಯಾ?’ ಎಂದು ಊರಮ್ಮನನ್ನೇ ಗದರುವ ಮುದುಕಿಯರು ಇದೇ ಕಮ್ಮಾರನ ಒಕ್ಕಲು. ದೇವರ ಮುಂದೆ ಕೈಕಟ್ಟಿ ನಿಂತ ದಾಸರೆಂದು ನಾವು ಭಾವಿಸುವ ಈ ಜನ ದೇವರೊಡನೆ ಲೇವಾದೇವಿ ಇಟ್ಟುಕೊಂಡವರು, ಬಾಕಿ ವಸೂಲಿಗೂ ಹೋಗುವವರು. ನಂಬುತ್ತಾರೋ ಇಲ್ಲವೋ ಎಂಬ ಎರಡೇ ಕಾಲಂ ಇರುವ ಅರ್ಜಿಯಲ್ಲಿ ಇವರನ್ನು ತುಂಬಿಸಲಾಗದು.

ಸರ್ಕಾರಕ್ಕೆ ಬಗ್ಗದ ಬ್ರಿಟನಿಯ ಗುಡಿಗಳು ಕುಸಿಯತೊಡಗಿದ್ದು 1950, 60ರ ದಶಕಗಳಲ್ಲಿ. ಆಗ ಬಂದದ್ದು ವಿಚಾರವಾದವಲ್ಲ, ಟ್ರ್ಯಾಕ್ಟರು. ಚಿಕ್ಕ ಹೊಲಗಳು ಒಂದಾದವು, ಹುಡುಗರು ಕೆಲಸಕ್ಕೆ ಪ್ಯಾರಿಸ್‌ಗೆ ಹೊರಟರು, ಕೇರಿಗಳೇ ಖಾಲಿಯಾದವು. ಸೂರು ಸೋರಿ, ಗೋಡೆಯಲ್ಲಿ ಗಿಡ ಹುಟ್ಟಿ, ಎಷ್ಟೋ ಮಂದಿರಗಳು ಹಾಳುಬಿದ್ದವು. ಇಲ್ಲಿಗೆ ಕಥೆ ಮುಗಿದಿದ್ದರೆ ಗೆಳೆಯರ ಮಾತು ನಿಜವಾಗುತ್ತಿತ್ತು. ಆದರೆ 1952ರಲ್ಲಿ ಬ್ರೇಜ್ ಸಾಂತೆಲ್ ಎಂಬ ಸಂಘ ಹುಟ್ಟಿ ಹಾಳು ಗುಡಿಗಳನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ಕೈಹಾಕಿತು. ಆಮೇಲೆ ಊರೂರಲ್ಲಿ ಗುಡಿ ಸಮಿತಿಗಳಾದವು. ಪಾರ್ದೋನ್ ದಿನ ದೋಸೆಯಂಥ ಕ್ರೆಪ್ ಹುಯ್ದು ಮಾರುವುದು, ಸೇಬಿನ ಮದ್ಯ ಮಾರುವುದು, ರಾತ್ರಿಯಿಡೀ ಕೈಕೈ ಹಿಡಿದು ಕುಣಿಯುವುದು, ಬಂದ ದುಡ್ಡಿನಲ್ಲಿ ಸೂರಿನ ಕಲ್ಲುಹೆಂಚು ಬದಲಿಸುವುದು. ಆ ರಾತ್ರಿಕುಣಿತ 2012ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಭಾನುವಾರದ ಪೂಜೆಗೆ ಹೋಗದವರು, ದೇವರನ್ನೇ ನಂಬದವರು ಕೂಡ ಹಂಚು ಹಾಕುವ ದಿನ ಏಣಿ ಹಿಡಿಯಲು ಬರುತ್ತಾರೆ. ನಂಬಿಕೆ ತೆಳುವಾಯಿತು, ಗುಡಿ ಉಳಿಯಿತು. ಗೆಳೆಯರ ಲೆಕ್ಕಕ್ಕೂ ಆಸ್ತಿಕರ ಲೆಕ್ಕಕ್ಕೂ ಸಿಗದ ಬೆಳವಣಿಗೆ ಇದು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಧರ್ಮವನ್ನು ಸರ್ಕಾರದಿಂದ ಬೇರ್ಪಡಿಸಿದ ಫ್ರಾನ್ಸಿನ 1905ರ ಕಾನೂನಿನ ಬಗ್ಗೆ ನಮ್ಮಲ್ಲಿ ಎಲ್ಲರೂ ಮಾತಾಡುತ್ತಾರೆ. ಅದರ ಫಲವಾಗಿ ಅದಕ್ಕೂ ಹಿಂದಿನ ಊರ ಇಗರ್ಜಿಗಳು ಬಹುಪಾಲು ಆಯಾ ಊರಿನ ಪುರಸಭೆಯ ಸ್ವತ್ತಾದವು ಎಂಬುದನ್ನು ಯಾರೂ ಹೇಳುವುದಿಲ್ಲ. ಅಂದರೆ ಜಗತ್ತಿನ ಅತಿ ಕಟ್ಟುನಿಟ್ಟಿನ ಜಾತ್ಯತೀತ ಗಣರಾಜ್ಯದಲ್ಲಿ ಮೇಯರ್ ಸಾಹೇಬರು ಸಂತನ ಸೂರು ಸೋರುತ್ತಿದೆಯೇ ಎಂದು ನೋಡಬೇಕು. ನಮ್ಮಲ್ಲಿ ಮುಜರಾಯಿ ಇಲಾಖೆಯಿದೆ; ವರ್ಷದ ಆದಾಯ 25 ಲಕ್ಷ ದಾಟಿದರೆ ಎ, 5 ಲಕ್ಷ ದಾಟಿದರೆ ಬಿ, ಅದಕ್ಕೂ ಕಡಿಮೆಯಿದ್ದರೆ ಸಿ. ರಾಜ್ಯದ ದೇವಸ್ಥಾನಗಳಲ್ಲಿ ಬಹುತೇಕ ಎಲ್ಲವೂ ಸಿ. ಹುಂಡಿಯನ್ನೇ ನೋಡಿ ದರ್ಜೆ ಕೊಟ್ಟರೆ ಹುಂಡಿ ತುಂಬುವ ಗುಡಿಗೆ ಗ್ರಾನೈಟು ಬರುತ್ತದೆ, ತುಂಬದ ಗುಡಿಯ ಚಿತ್ರಕ್ಕೆ ಸುಣ್ಣ ಬರುತ್ತದೆ. ಹಿರಿಯೂರಿನ ತೇರುಮಲ್ಲೇಶ್ವರನ ಗುಡಿಯ ಚಾವಣಿಯಲ್ಲಿ ಪುರಾಣದ ಕಥೆಗಳ ಹಳೆಯ ಬಣ್ಣದ ಚಿತ್ರಗಳಿವೆ. ಪಾಳೆಯಗಾರರ ಕಾಲದ ಕುಂಚ ನಮ್ಮ ಜಿಲ್ಲೆಯಲ್ಲಿ ಉಳಿದಿರುವುದು ಇಂಥ ಅಪರೂಪದ ಕಡೆಗಳಲ್ಲಿ. ಮಾಘದ ತೇರಿಗೆ ಬರುವವರಲ್ಲಿ ಎಷ್ಟು ಜನ ಕತ್ತೆತ್ತಿ ನೋಡುತ್ತಾರೋ! ನಂಬದವರಾದರೂ ನೋಡಬಹುದಿತ್ತು, ಅವರು ತೇರಿಗೆ ಬರುವುದೇ ಇಲ್ಲ.

ಹೊಳಲ್ಕೆರೆಯ ಗಣಪತಿಯ ವಿಷಯವೂ ಹೀಗೆಯೇ. 1475ರಲ್ಲಿ ಗುಳಿಯಪ್ಪ ನಾಯಕ ಮಾಡಿಸಿದ, ಒಂಬತ್ತು ಅಡಿಯ ಮೂರ್ತಿ. ಬಯಲು ಗಣಪತಿ ಎಂದೇ ಹೆಸರು. ಪಾಳೆಯಗಾರನೊಬ್ಬ ಕಲ್ಲು ಕಡೆಸಿದ ವರ್ಷ, ಅವನ ಹೆಸರು ಎರಡೂ ಜನರ ಬಾಯಲ್ಲಿ ಐದೂವರೆ ಶತಮಾನ ಉಳಿದಿರುವುದು ಶಾಸನ ಓದುವವರಿಂದ ಮಾತ್ರ ಅಲ್ಲ, ಪೂಜೆ ನಿಲ್ಲದೆ ನಡೆದದ್ದರಿಂದ. ಚಿತ್ರದುರ್ಗದ ಕೋಟೆಯ ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲೆಂದು ಒಂದು ದೊಡ್ಡ ಮೂಳೆಯನ್ನು ತೋರಿಸುತ್ತಾರೆ, ಭೀಮನ ನಗಾರಿಯೆಂದು ತಗಡಿನ ಒಂದು ಭಾರಿ ಪೀಪಾಯಿಯನ್ನು ತೋರಿಸುತ್ತಾರೆ. ಆ ಮೂಳೆ ಆನೆಯದಿರಬೇಕು ಎಂದು ನಕ್ಕು ಮುಂದೆ ಹೋಗುವ ಮೇಷ್ಟ್ರಿಗೆ ನನ್ನ ವಿನಂತಿ ಇಷ್ಟೆ: ಮಕ್ಕಳು ಅದನ್ನೊಮ್ಮೆ ಬಾಯಿಬಿಟ್ಟು ನೋಡಲಿ ಬಿಡಿ, ಆನೆಯ ಪಾಠ ಮಾಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು.

ಈಗ ನೀರಿನ ವಿಷಯ. ಬ್ರೆಟನ್ನರಿಗೆ ಕಡಲು ಕೊಡುವ ಭಯವೂ ಅನ್ನವೂ ನಮಗೆ ಕೆರೆಯಿಂದ ಬರುತ್ತದೆ, ಇಲ್ಲವೇ ಬರದೇ ಹೋಗುತ್ತದೆ. ಚಂದ್ರವಳ್ಳಿಯಲ್ಲಿ ಭೈರವೇಶ್ವರನ ಗುಡಿಯ ಮುಂದಿನ ಬಂಡೆಯ ಮೇಲಿರುವ ಪ್ರಾಕೃತ ಶಾಸನ ಕದಂಬರ ಮಯೂರಶರ್ಮ ಅಲ್ಲೊಂದು ಕೆರೆ ಕಟ್ಟಿಸಿದ ಸಂಗತಿ ಹೇಳುತ್ತದೆ. ಹದಿನಾರು ಶತಮಾನ ಹಿಂದಿನ ರಾಜನಿಗೂ ಈ ಸೀಮೆಯಲ್ಲಿ ಬಂಡೆಯ ಮೇಲೆ ಬರೆಸುವಂಥ ಸಾಧನೆಯೆಂದರೆ ನೀರು ನಿಲ್ಲಿಸಿದ್ದೇ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ನೆನೆಯುವುದು ಪವಾಡಕ್ಕಾಗಿ ಎಷ್ಟೋ, ಊರವರನ್ನು ಕೂಡಿಸಿಕೊಂಡು ಕಟ್ಟಿದ ಕೆರೆಗಳಿಗಾಗಿಯೂ ಅಷ್ಟೇ. ಹಿರಿಯೂರಿನ ವಾಣಿವಿಲಾಸ ಸಾಗರದ ಕಥೆಯಂತೂ ಎಲ್ಲರಿಗೂ ಗೊತ್ತು. 1898ರಲ್ಲಿ ವೇದಾವತಿಗೆ ಅಡ್ಡಲಾಗಿ ಕೆಲಸ ಶುರು, 1907ರಲ್ಲಿ ಮುಗಿಯಿತು. ರಾಜಮಾತೆಯ ಹೆಸರಿಟ್ಟರೂ ಜನರ ಬಾಯಲ್ಲಿ ಅದು ಮಾರಿಕಣಿವೆ. ಕಟ್ಟೆಯ ಬುಡದಲ್ಲಿ ಕಣಿವೆ ಮಾರಮ್ಮ ಕೂತಿದ್ದಾಳಲ್ಲ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ಎಂಬತ್ತೊಂಬತ್ತು ವರ್ಷ!

ಆ ದಿನಗಳಲ್ಲಿ ಅಲ್ಲಿಗೆ ಹೋದವರೆಲ್ಲ ಒಂದನ್ನು ಗಮನಿಸಿರಬೇಕು. ಜನ ಮೊದಲು ಕಟ್ಟೆಯ ಮೇಲೆ ಹೋಗಿ ನೀರಿನ ಮಟ್ಟ 130 ಅಡಿ ದಾಟಿತೇ ಎಂದು ಅಳತೆಪಟ್ಟಿಯನ್ನು ಕಣ್ಣಾರೆ ಓದಿದರು, ಫೋನಿನಲ್ಲಿ ಚಿತ್ರ ತೆಗೆದರು. ಆಮೇಲೆ ಕೆಳಗಿಳಿದು ಮಾರಮ್ಮನಿಗೆ ಮಡಿಲಕ್ಕಿ ಕೊಟ್ಟರು. ಇಂಜಿನಿಯರು ಹೇಳಿದ ಅಡಿಯನ್ನೂ ನಂಬಿದರು, ಅಮ್ಮನ ದಯೆಯನ್ನೂ ನಂಬಿದರು. ಮೇಲಿನ ಗೇಜಿಗೂ ಕೆಳಗಿನ ಗುಡಿಗೂ ನಡುವೆ ಅವರಿಗೆ ಯಾವ ಜಗಳವೂ ಕಾಣಲಿಲ್ಲ. ಕುಂಕುಮ ಮೆತ್ತಿದ ಕಲ್ಲಿನ ಪಕ್ಕದಲ್ಲೇ ಒಬ್ಬಾಕೆ ತನ್ನ ಮೊಮ್ಮಗನಿಗೆ, ನಾಲೆಯ ನೀರು ಈ ಬೇಸಿಗೆ ತಮ್ಮ ತೆಂಗಿಗೆ ಎಷ್ಟು ಸರದಿ ಬಂದೀತು ಎಂದು ಬೆರಳು ಮಡಚಿ ಎಣಿಸುತ್ತಿದ್ದಳು. ಇಷ್ಟು ಲೆಕ್ಕ ಗೊತ್ತಿರುವವಳಿಗೆ ಪವಾಡ ಸುಳ್ಳು ಎಂದು ಉಪನ್ಯಾಸ ಕೊಡುವುದರಿಂದ ಯಾರಿಗೆ ಏನು ಸಿಕ್ಕೀತು?

ಹಾಗಾದರೆ ವಿಚಾರವಂತನಿಗೆ ಯಾತ್ರಾಸ್ಥಳದಲ್ಲಿ ಕೆಲಸವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಆದರೆ ಅದು ಗರ್ಭಗುಡಿಯಲ್ಲಿಲ್ಲ, ಬಾಗಿಲಲ್ಲಿದೆ.

ಬ್ರಿಟನಿಯ ಆ ಚೆಂದದ ಗುಡಿಗಳಲ್ಲಿ ಕೆಲವರು ಒಳಗೆ ಎಲ್ಲರ ಜೊತೆ ನಿಲ್ಲುವಂತಿರಲಿಲ್ಲ. ಕಕೂಜರು ಎಂದು ಕರೆಸಿಕೊಂಡ ಅವರ ಕಸುಬು ಹಗ್ಗ ಹೊಸೆಯುವುದು, ಪೀಪಾಯಿ ಕಟ್ಟುವುದು. ಕುಷ್ಠರೋಗಿಗಳ ಸಂತತಿ ಎಂಬ ಅಪವಾದ ಹೊರಿಸಿ ಅವರನ್ನು ದೂರವಿಟ್ಟಿದ್ದರು. ಇಗರ್ಜಿಯಲ್ಲಿ ಅವರ ಜಾಗ ಹಿಂದೆ, ಬಾಗಿಲ ಹತ್ತಿರ. ಸತ್ತರೆ ಬೇರೆ ಮಸಣ. ಮದುವೆ ತಮ್ಮತಮ್ಮೊಳಗೆ. 15ನೆಯ ಶತಮಾನದಲ್ಲಿ, ಹೊರಗೆ ಬರುವಾಗ ಗುರುತಿಗೆ ಕೆಂಪು ಬಟ್ಟೆಯ ತುಂಡು ತೊಡಬೇಕೆಂದು ಅಲ್ಲಿನ ಡ್ಯೂಕನ ಆಜ್ಞೆಯೇ ಇತ್ತು. ದೋಣಿಗೆ ಹಗ್ಗ ಅವರದು ಬೇಕು, ಅವರು ಮಾತ್ರ ಬೇಡ. ತಮಟೆಯ ಸದ್ದಿಲ್ಲದೆ ತೇರು ಹೊರಡಬಾರದು, ತಮಟೆ ಹೊಡೆಯುವವನು ಹೊಸ್ತಿಲು ದಾಟಬಾರದು ಎಂಬ ನಮ್ಮ ನ್ಯಾಯಕ್ಕೂ ಇದಕ್ಕೂ ಕೂದಲೆಳೆಯ ಅಂತರವೂ ಇಲ್ಲ. ಹರಕೆಯ ಹಡಗು, ಪತಾಕೆಯ ಮುತ್ತು ಎಂದು ಕರಗಿಹೋಗುವ ಪರಂಪರೆಯ ಅಭಿಮಾನಿಗಳಿಗೆ ಈ ಕಕೂಜರ ಕಥೆಯನ್ನು ತಪ್ಪದೆ ಹೇಳಬೇಕು.

ನಮ್ಮ ಕಡೆಯದೂ ಹೇಳಬೇಕು. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಸಂಸದರಾಗಿದ್ದ ಎ. ನಾರಾಯಣಸ್ವಾಮಿಯವರನ್ನು ತಮ್ಮದೇ ಕ್ಷೇತ್ರದ, ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯೊಳಗೆ ಬಿಡಲಿಲ್ಲ. ಅವರು ದಲಿತರು ಎಂಬುದೇ ಕಾರಣ. ಊರಿನ ಕಷ್ಟಸುಖ ಕೇಳಲು ಬಂದ ಸಂಸದರು ಹಟ್ಟಿಯ ಹೊರಗೇ ನಿಂತು ವಾಪಸಾದರು. ದೆಹಲಿಯ ಸಂಸತ್ತಿನ ಬಾಗಿಲು ತೆರೆದವರಿಗೆ ಹಟ್ಟಿಯ ಬಾಗಿಲು ತೆರೆಯಲಿಲ್ಲ. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಕ್ರಮ ಕಾಡುಗೊಲ್ಲರ ಹಟ್ಟಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಅದೂ ದೇವರ ಹೆಸರಿನಲ್ಲೇ, ದೇವರಿಗೆ ಮೈಲಿಗೆಯಾಗುತ್ತದೆಂದು. ಅದೇ ಕಾಡುಗೊಲ್ಲರು ಕ್ಯಾತೇದೇವರ ಜಾತ್ರೆಯಲ್ಲಿ ಬಾರೆಮುಳ್ಳಿನಿಂದ ಗುಡಿ ಕಟ್ಟಿ, ಬರಿಗಾಲಲ್ಲಿ ಅದನ್ನು ಏರಿ ಕಳಶ ಕೀಳುತ್ತಾರೆ. ಮುಳ್ಳು ಏರುವುದನ್ನು ನೋಡಿ ಮೂಢನಂಬಿಕೆ ಎಂದು ಕೂಗುವ ಕ್ಯಾಮೆರಾಗಳು ಹಟ್ಟಿಯ ಹೊರಗಿನ ಆ ಗುಡಿಸಲಿನ ಕಡೆ ತಿರುಗುವುದು ಅಪರೂಪ. ಮುಳ್ಳು ಏರುವವನು ತನ್ನ ಕಾಲನ್ನು ತಾನೇ ಒಡ್ಡಿದ್ದಾನೆ. ಮಳೆಯಲ್ಲಿ ಹಸುಗೂಸನ್ನು ತಬ್ಬಿ ಕೂತ ಹೆಣ್ಣುಮಗಳನ್ನು ಯಾರೂ ಕೇಳಲಿಲ್ಲ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕುವುದು ಸೋಮಾರಿತನ.

ಈ ವ್ಯತ್ಯಾಸವನ್ನು ನಾನು ಹೊಸದಾಗಿ ಕಂಡುಹಿಡಿದಿಲ್ಲ. ಕರ್ನಾಟಕದ 2017ರ ಮೌಢ್ಯನಿಷೇಧ ಕಾಯ್ದೆ ಅದನ್ನೇ ಮಾಡುತ್ತದೆ. ಎಂಜಲೆಲೆಯ ಮೇಲೆ ಉರುಳಿಸುವುದು, ಬಾಯಿಗೆ ಸಲಾಕೆ ಚುಚ್ಚುವುದು, ಹೆಣ್ಣುಮಕ್ಕಳನ್ನು ಮುಟ್ಟಿನ ಕಾರಣಕ್ಕೆ ಹೊರಗಿಡುವುದು ಅಪರಾಧ. ಯಾತ್ರೆ, ಪ್ರದಕ್ಷಿಣೆ, ಭಜನೆ, ಹರಿಕಥೆ ಇವಕ್ಕೆ ಕಾಯ್ದೆ ತಾಗುವುದಿಲ್ಲ. ಆ ವಿನಾಯಿತಿಯನ್ನು ರಾಜಿ ಎಂದು ಟೀಕಿಸಿದವರಿದ್ದಾರೆ. ನನಗೆ ಅದು ಕಾಯ್ದೆಯ ಅತ್ಯಂತ ವಿವೇಕದ ಭಾಗವಾಗಿ ಕಾಣುತ್ತದೆ. ಹಾಲುರಾಮೇಶ್ವರದ ಕೊಳಕ್ಕೆ ಬಂದರೂ ನಾನು ಕೇಳುವುದು ಇವನ್ನೇ. ದಂಡೆಯಲ್ಲಿ ಯಾರು ಯಾರ ಪಕ್ಕ ನಿಲ್ಲಬಹುದು? ಮಗುವಾಗದ ಹೆಣ್ಣಿಗೆ ಹಣ್ಣು ಬರಲಿಲ್ಲವೆಂದು ಮನೆಗೆ ಮರಳಿದ ಮೇಲೆ ಅತ್ತೆ ಏನೆನ್ನುತ್ತಾಳೆ? ಬಂದಿತೆಂದು ಆಸ್ಪತ್ರೆಯ ಔಷಧಿ ನಿಲ್ಲಿಸುತ್ತಾರೆಯೇ? ಇವಕ್ಕೆಲ್ಲ ನೆಮ್ಮದಿಯ ಉತ್ತರ ಸಿಕ್ಕಮೇಲೆ, ಹಣ್ಣು ಎಲ್ಲಿಂದ ಬಂತು ಎಂದು ಬಿಡುವಾದಾಗ ಕೂತು ಚರ್ಚಿಸೋಣ.

ಈ ಅಳತೆಗೋಲು ಕೆಲವು ಸ್ಥಳಗಳಿಗೆ ಗೌರವವನ್ನೂ ತರುತ್ತದೆ. ಹರಿಹರದಲ್ಲಿ ಆರೋಗ್ಯಮಾತೆಯ ಇಗರ್ಜಿಯಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಹರಿಹರವೂ ಚಿತ್ರದುರ್ಗದ್ದೇ. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಸೇರುವವರಲ್ಲಿ ಕ್ರೈಸ್ತರಲ್ಲದವರು ಬಹಳ. ಕೈಯಲ್ಲಿ ಹೂವು, ಮೇಣದಬತ್ತಿ, ಮಡಿಲಲ್ಲಿ ಮಗು. ರೋಮಿನಿಂದ ಅದಕ್ಕೆ ಕಿರಿಯ ಬೆಸಿಲಿಕಾ ಎಂಬ ಮಾನ್ಯತೆ ಈಚೆಗೆ ಬಂತು. ಸುತ್ತಿನ ಹಳ್ಳಿಗಳ ಮಾನ್ಯತೆ ಮೊದಲೇ ಬಂದಿತ್ತು. ಬ್ರಿಟನಿಯಲ್ಲೂ ಒಂದು ಇಂಥ ಕಡೆಯಿದೆ. ಆದಿಮಾನವರ ಕಲ್ಲುಸಮಾಧಿಯ ಮೇಲೆಯೇ ಕಟ್ಟಿದ ಏಳು ಸಂತರ ಗುಡಿ. 1954ರಿಂದ ಅಲ್ಲಿನ ಪಾರ್ದೋನ್‌ಗೆ ಮುಸ್ಲಿಮರೂ ಬರುತ್ತಾರೆ. ಆ ಏಳು ಸಂತರ, ಅಂದರೆ ಏಳು ನಿದ್ರಿತರ ಕಥೆ ಕುರ್‌ಆನಿನಲ್ಲೂ ಇದೆಯಲ್ಲ ಎಂದು ಅವರನ್ನು ಕರೆತಂದವನು ವಿದ್ವಾಂಸ ಲೂಯಿ ಮಾಸಿನ್ಯೋನ್. ಬಾಗಿಲು ಅಗಲವಾಗಿರುವ ಗುಡಿಯೊಳಗಿನ ನಂಬಿಕೆಯನ್ನು ಪರೀಕ್ಷಿಸುವ ಆತುರ ನನಗಿಲ್ಲ.

ಆದರೆ ಅಳತೆಗೋಲು ಎಲ್ಲ ಕಡೆ ಸಲೀಸಾಗಿ ಕೂರುತ್ತದೆ ಎಂದರೆ ಸುಳ್ಳಾದೀತು. ನಾಯಕನಹಟ್ಟಿಯ ತೇರಿನ ದಿನ ಮುಕ್ತಿಬಾವುಟದ ಹರಾಜು ಹತ್ತಾರು ಲಕ್ಷಕ್ಕೆ ಹೋಗುತ್ತದೆ. ಕೂಗುವವರು ಬಹುಮಟ್ಟಿಗೆ ರಾಜಕಾರಣಿಗಳು, ಗುತ್ತಿಗೆದಾರರು. ಯಾರ ಬಾಗಿಲೂ ಮುಚ್ಚಿಲ್ಲ, ಯಾರ ಮೈಗೂ ನೋವಿಲ್ಲ, ಹಣವೂ ದೇವಸ್ಥಾನಕ್ಕೇ. ಆದರೂ ಕೆರೆ ಕಟ್ಟಿದವರ ಹೆಸರಿನ ಧ್ವಜ ಮುಂದಿನ ಚುನಾವಣೆಯ ಮುಂಗಡವಾಗುವುದನ್ನು ನೋಡಲು ಹಿಂಸೆಯಾಗುತ್ತದೆ. ಆ ಹಣದಲ್ಲಿ ಒಂದು ಪಾಲು ಅವರು ಕಟ್ಟಿಸಿದ ಕೆರೆಗಳ ಹೂಳೆತ್ತಲು ಎಂದು ಕಡ್ಡಾಯ ಮಾಡಿದರೆ ನನ್ನ ಬಾಯಿ ಮುಚ್ಚುತ್ತದೆ.

ಕುರಿ, ಕೋಳಿಯ ಪ್ರಶ್ನೆ ಅಷ್ಟು ಸುಲಭವಲ್ಲ. ಪ್ರಾಣಿಬಲಿ ನಿಷೇಧದ ಕಾಯ್ದೆ 1959ರಷ್ಟು ಹಳೆಯದು. ಗೌರಸಮುದ್ರದ ಮಾರಮ್ಮನ ಜಾತ್ರೆಗೆ, ಕಣಿವೆ ಮಾರಮ್ಮನಲ್ಲಿಗೆ ಪೊಲೀಸರ ಬಂದೋಬಸ್ತೂ ಹೋಗುತ್ತದೆ, ಕುರಿಯೂ ಹೋಗುತ್ತದೆ. ಗುಡಿಯ ಮುಂದೆ ಆಗಬೇಕಾದದ್ದು ಜಾಲಿಯ ಮರೆಯಲ್ಲಿ ಆಗುತ್ತದೆ, ಒಲೆ ಹೊತ್ತುತ್ತದೆ, ನೆಂಟರು ಉಣ್ಣುತ್ತಾರೆ. ಜಾತ್ರೆಯ ಬಲಿಯನ್ನು ಖಂಡಿಸುವವರಲ್ಲಿ ಅರ್ಧ ಜನ ಭಾನುವಾರ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ ಎಂಬ ಚಮತ್ಕಾರದ ಉತ್ತರ ನನಗೂ ಗೊತ್ತು, ಅದರಿಂದ ಕುರಿಗೆ ಏನೂ ಪ್ರಯೋಜನವಿಲ್ಲ ಎಂಬುದೂ ಗೊತ್ತು. ಯಾರಿಗೆ ನೋವಾಗುತ್ತದೆ ಎಂದು ಕೇಳಲು ಹೊರಟವನು ಕುರಿಯನ್ನು ಲೆಕ್ಕಕ್ಕೆ ಹಿಡಿಯದೆ ಇರಲಾರ. ಹಿಡಿದರೆ, ವರ್ಷಕ್ಕೊಮ್ಮೆ ಅಮ್ಮನ ಹೆಸರಲ್ಲಿ ಮಾಂಸದೂಟ ಹಾಕಿ ಬಂಧುಬಳಗ ಕೂಡಿಸುವ ಬಡ ಒಕ್ಕಲಿನ ಒಂದೇ ಸಂಭ್ರಮದ ಮೇಲೆ ಕೈಯಿಡಬೇಕು. ಸಸ್ಯಾಹಾರಿಗಳ ಗುಡಿಗಳಿಗೆ ಮಾತ್ರ ನಮ್ಮ ಈ ಉದಾರತೆ ಎಂಬ ಮಾತನ್ನೂ ಕೇಳಿಸಿಕೊಳ್ಳಬೇಕು. ಸದ್ಯಕ್ಕೆ ನಾನು ಕಾಯ್ದೆಯ ಪರ ಇದ್ದೇನೆ, ಪೊಲೀಸರನ್ನು ಕಳಿಸುವುದರ ಪರ ಇಲ್ಲ. ಇದನ್ನು ಅಡ್ಡಗೋಡೆಯ ಮೇಲಿನ ದೀಪ ಎಂದು ಗೆಳೆಯರು ಹಂಗಿಸಿದರೆ ಜಗಳವಾಡುವುದಿಲ್ಲ.